ಪಡುವಣ ಗೋಡೆಯ ಹೆಂಗಸು

ಏಪ್ರಿಲ್ ೧೯, ೧೯೬೬, ಮಂಗಳವಾರ

ಚರ್ಚಿನ ಗೋಡೆಯ ಹಳೆಯ ಚಿತ್ರಗಳನ್ನು ತೊಳೆಯುವವನು ಪಟ್ಟಣದಿಂದ ಬಂದ. ಹೆಸರು ಅರಿಸ್ತಿದಿಸ್. ಮೂವತ್ತರ ಆಸುಪಾಸು, ದಪ್ಪ ಕನ್ನಡಕ, ಎರಡು ಪೆಟ್ಟಿಗೆ, ಬಿಡದ ಕೆಮ್ಮು. ಸಂತ ಮಾರಿನಾ ಚರ್ಚಿನ ಬೀಗ ತೆಗೆದುಕೊಟ್ಟೆ. ಒಳಗೆ ಕಾಲಿಟ್ಟವನೇ ಟೋಪಿ ತೆಗೆದು ಶಿಲುಬೆಯ ಗುರುತು ಹಾಕಿಕೊಂಡ, ಅಷ್ಟರಮಟ್ಟಿಗೆ ಪರವಾಗಿಲ್ಲ. ಆಮೇಲೆ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತ.

“ಆರುನೂರು ವರ್ಷದ ಮಸಿ, ಪಾದ್ರಮ್ಮ,” ಅಂದ.

“ಅದರಲ್ಲಿ ಇಪ್ಪತ್ತೈದು ವರ್ಷದ್ದು ನಾನು ಹಚ್ಚಿದ ದೀಪದ್ದು. ನೋಡ್ಕೊಂಡು ಉಜ್ಜಪ್ಪ,” ಅಂದೆ.

ಬೇಸಗೆಯೆಲ್ಲ ಇಲ್ಲೇ ಇರುತ್ತಾನಂತೆ. ಜುಲೈ ಹದಿನೇಳಕ್ಕೆ, ಸಂತ ಮಾರಿನಾಳ ಹಬ್ಬದ ಹೊತ್ತಿಗೆ, ಮುಗಿಸುತ್ತಾನಂತೆ.

ಇದನ್ನು ಬರೆಯುತ್ತಿರುವುದು ದೀಕ್ಷಾಸ್ನಾನದ ಹಳೆಯ ರಿಜಿಸ್ಟರಿನ ಹಿಂದಿನ ಹಾಳೆಗಳಲ್ಲಿ. ಹೊಸ ಪುಸ್ತಕ ಬಂದ ಮೇಲೆ ಇದು ಮೂಲೆ ಸೇರಿತ್ತು. ಊರಿನವರು ತಮ್ಮ ಪಾಪವನ್ನೆಲ್ಲ ನಮ್ಮವರ ಹತ್ತಿರ ಹೇಳಿಕೊಂಡು ಹಗುರಾಗುತ್ತಾರೆ; ಪಾದ್ರಿಯ ಹೆಂಡತಿ ಎಲ್ಲಿಗೆ ಹೋಗಬೇಕು? ಇವರೇನೂ ಇದನ್ನು ಓದುವುದಿಲ್ಲ. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆಯಂತೆ.

ಏಪ್ರಿಲ್ ೨೭, ಬುಧವಾರ

ಉತ್ತರದ ಗೋಡೆಯಲ್ಲಿ ಸಂತ ಮಾರಿನಾ ಹೊರಬಂದಳು. ಒಂದು ಕೈಯಲ್ಲಿ ಸೈತಾನನ ಜುಟ್ಟು, ಇನ್ನೊಂದರಲ್ಲಿ ಸುತ್ತಿಗೆ. ಇಷ್ಟು ವರ್ಷ ಅದನ್ನು ಮೇಣದಬತ್ತಿ ಎಂದುಕೊಂಡಿದ್ದೆವು. ಸೆರಗು ಕೆಂಪು. ಮುಖದಲ್ಲಿ ಕೋಪವಿಲ್ಲ, ಬಟ್ಟೆ ಒಗೆಯುವವಳ ಮುಖ. ನನಗೆ ಹಿಡಿಸಿತು.

ಊರ ಹೆಂಗಸರೆಲ್ಲ ನೋಡಲು ಬಂದರು. ಆರ್ಗಿರೊ ಕೂಡ ಬಂದಿದ್ದಳು, ನನ್ನ ಕಡೆಗೆ ಬೆನ್ನು ಮಾಡಿ. ಇಪ್ಪತ್ಮೂರು ವರ್ಷದಿಂದ ಆ ಬೆನ್ನನ್ನು ನೋಡಿ ನೋಡಿ ನನಗೆ ಅವಳ ಮುಖಕ್ಕಿಂತ ಅದರ ಪರಿಚಯವೇ ಹೆಚ್ಚು. ನನಗೆ ಕೇಳಲಿ ಎಂದೇ ಯಾರಿಗೋ ಹೇಳುತ್ತಿದ್ದಳು:

“ಮಕ್ಕಳನ್ನ ಕಾಯೋ ಸಂತ ಇವಳು. ನನ್ನ ಮಗಳನ್ನ ಕಾದಿದ್ದೂ ಇವಳೇ. ಇವಳು, ಮತ್ತೆ ಒಂದು ಆಡು. ಮನುಷ್ಯರು ಅನ್ನಿಸ್ಕೊಂಡೋರು ಯಾರೂ ಅಲ್ಲ.”

ಈ ಆಡಿನ ಮಾತನ್ನು ವರ್ಷಕ್ಕೆ ಹತ್ತು ಸಲವಾದರೂ ಕೇಳುತ್ತೇನೆ. ಹೋಗಲಿ. ಮಧ್ಯಾಹ್ನ ಬಸವನಹುಳು ಬೇಯಿಸಿದ್ದೆ, ಅರಿಸ್ತಿದಿಸ್ ಎರಡು ತಟ್ಟೆ ತಿಂದ.

ಮೇ ೩, ಮಂಗಳವಾರ

ಈಗ ಪಡುವಣ ಗೋಡೆ, ಅಂತಿಮ ತೀರ್ಪಿನ ಚಿತ್ರ. ನರಕದ ಪಾಲಿಗೆ ಕೆಳಗಿನ ಸಾಲು. ಆ ಕಾಲದ ಚಿತ್ರಗಾರ ರಾಜರು, ಬಿಷಪ್ಪರು ಅಂತ ದೂರ ಹೋಗಿಲ್ಲ. ಹಳ್ಳಿಯವರನ್ನೇ ಹಿಡಿದು ತಂದಿದ್ದಾನೆ. ಒಬ್ಬೊಬ್ಬರಿಗೂ ಒಂದೊಂದು ಚೌಕ, ಪಕ್ಕದಲ್ಲಿ ಹೆಸರಿನ ಬದಲು ಪಾಪ. ಹಿಟ್ಟು ಕದ್ದ ಗಿರಣಿಯವನ ಕೊರಳಲ್ಲಿ ಬೀಸುವ ಕಲ್ಲು. ಪಕ್ಕದ ಹೊಲಕ್ಕೆ ಒಂದು ಸಾಲು ಒತ್ತಿ ಉತ್ತವನ ಬೆನ್ನ ಮೇಲೆ ನೇಗಿಲು. ಭಾನುವಾರ ಹಾಸಿಗೆಯಿಂದ ಏಳದ ಗಂಡಹೆಂಡಿರು ಹಾಸಿಗೆಯಲ್ಲೇ ಸುಡುತ್ತಿದ್ದಾರೆ.

ಗಂಡಸರಿಗೆ ಹಬ್ಬ. ಕಾಫಿ ಅಂಗಡಿ ಖಾಲಿ, ಚರ್ಚು ಭರ್ತಿ. “ಏ ಸಿಫಿ, ಬಾರೋ, ನಿನ್ನ ಮುತ್ತಜ್ಜನ ಫೋಟೋ ಬಂದಿದೆ!” ಅಂತ ಗಿರಣಿ ಸಿಫಿಸನನ್ನು ಎಳೆದುಕೊಂಡು ಬಂದರು. ಅವನು ಕಲ್ಲನ್ನು ಚೆನ್ನಾಗಿ ಪರೀಕ್ಷಿಸಿ, “ನಮ್ಮದಲ್ಲ, ನಮ್ಮ ಕಲ್ಲಿಗೆ ತೂತು ದೊಡ್ಡದು,” ಅಂದ.

ಮಸಿಯೊಳಗೆ ಇನ್ನೂ ಎರಡು ಚೌಕ ಉಳಿದಿವೆ.

ಮೇ ೫, ಗುರುವಾರ

ಊಟದ ನಡುವೆ ಮಾನುಸೊಸ್ ಹೇಳಿದ, ಗರಿಫಾಲ್ಯಾಳನ್ನು ಮದುವೆಯಾಗುತ್ತೇನೆ ಅಂತ. ಮಾನುಸೊಸ್ ನಮ್ಮ ಒಬ್ಬನೇ ಮಗ, ಸೈನ್ಯದ ಎರಡು ವರ್ಷ ಮುಗಿಸಿ ಬಂದವನು. ಗರಿಫಾಲ್ಯಾ ಆರ್ಗಿರೊಳ ಒಬ್ಬಳೇ ಮಗಳು.

ಇವರು ಒಣರೊಟ್ಟಿಯನ್ನು ಎಣ್ಣೆಯಲ್ಲಿ ಅದ್ದುತ್ತಾ, “ಒಳ್ಳೆ ಹುಡುಗಿ,” ಅಂದರು. ನಾನು, “ಆಗೋದಿಲ್ಲ,” ಅಂದೆ.

“ಯಾಕಮ್ಮ?”

“ಆಗೋದಿಲ್ಲ ಅಂದ್ರೆ ಆಗೋದಿಲ್ಲ.”

“ಅವಳಮ್ಮ ನಿನ್ನ ಹತ್ರ ಮಾತಾಡಲ್ಲ ಅಂತಲಾ? ನಿಮ್ಮಿಬ್ಬರ ಜಗಳ ನೀವಿಬ್ರೇ ಇಟ್ಕೊಳ್ಳಿ. ನಮ್ಮ ತಲೆಗೆ ಯಾಕೆ ಕಟ್ತೀರಿ?”

ಕಾರಣ ಅದಲ್ಲ. ಇಲ್ಲಿಯವರೆಗೆ ಎಲ್ಲೂ ಹೇಳಿಲ್ಲ, ಇಲ್ಲಿ ಬರೆದುಬಿಡುತ್ತೇನೆ.

ನಲವತ್ಮೂರರ ಜನವರಿ. ಊರಲ್ಲಿ ಜರ್ಮನರು. ಆರ್ಗಿರೊಳ ಗಂಡನಿಗೆ ಡಿಸೆಂಬರಿನಲ್ಲೇ ಗುಂಡು ಹೊಡೆದಿದ್ದರು. ಅವಳಿಗೆ ಜ್ವರ ಹತ್ತಿ ಎದೆಹಾಲು ಬತ್ತಿತು. ಮಗುವಿಗೆ ಇಪ್ಪತ್ತು ದಿನ. ಆಗ ಊರಲ್ಲಿ ಹಾಲೂಡುವವಳು ನಾನೊಬ್ಬಳೇ. ಮಾನುಸೊಸ್ ಎರಡೂವರೆ ತಿಂಗಳಿನವನು. ಅವಳು ಗೋಡೆ ಹಿಡಿದುಕೊಂಡು ನಡೆಯುತ್ತಾ ಮಗುವನ್ನೆತ್ತಿಕೊಂಡು ನಮ್ಮ ಮನೆಗೆ ಬಂದಳು. ಒಳಗಿನಿಂದ ನಮ್ಮತ್ತೆ, “ಒಬ್ಬನಿಗೇ ಸಾಲ್ತಿಲ್ಲ, ಇಬ್ಬರಿಗೆ ಎಲ್ಲಿಂದ ತರ್ತೀಯೆ?” ಅಂತ ಕೂಗಿದರು. ಬಾಗಿಲು ಮುಚ್ಚಿತು.

ಅವಳು ಅದೇ ದಿನ ಮಲಗಿದವಳು ಎರಡು ವಾರ ಕಣ್ಣು ಬಿಡಲಿಲ್ಲ. ಮೂರನೆಯ ದಿನ ಮಧ್ಯಾಹ್ನ ನಾನು ಚರ್ಚು ಗುಡಿಸುತ್ತಿದ್ದಾಗ ಅವಳ ಅತ್ತೆ ಝಂಬಿಯಾ ಮುದುಕಿ ಮಡಿಲಲ್ಲಿ ಮಗುವನ್ನು ಹಾಕಿಕೊಂಡು ಬಂದಳು. ಬೇಡಲಿಲ್ಲ, ಬಯ್ಯಲಿಲ್ಲ. ಪಡುವಣ ಗೋಡೆಯ ಕೆಳಗಿನ ಬೆಂಚಿನ ಮೇಲೆ ಕೂತಳು. ನಾನು ಪೊರಕೆ ಇಟ್ಟು ಮಗುವನ್ನು ತೆಗೆದುಕೊಂಡೆ. ಹೀಗೆ ಹನ್ನೊಂದು ದಿನ. ಮನೆಯಲ್ಲಿ, ದೀಪಕ್ಕೆ ಎಣ್ಣೆ ಹಾಕಿ ಬರುತ್ತೇನೆ ಎನ್ನುತ್ತಿದ್ದೆ. ಹನ್ನೆರಡನೆಯ ದಿನ ಮುದುಕಿಗೆ ಮೇಲಿನ ಕುರುಬರಿಂದ ನಿಜವಾಗಿಯೂ ಒಂದು ಆಡು ಸಿಕ್ಕಿತು.

“ನನ್ನ ಸೊಸೆಗೆ ಗೊತ್ತಾದ್ರೆ ಸಾಯ್ತೀನಿ ಅಂತಾಳೆ, ನಿಮ್ಮತ್ತೆಗೆ ಗೊತ್ತಾದ್ರೆ ನಿನ್ನ ಸಾಯಿಸ್ತಾಳೆ. ಮೊದಲಿಂದ್ಲೂ ಆಡೇ ಅಂತೀನಿ,” ಅಂದಳು ಝಂಬಿಯಾ. ಹಾಗೇ ಅಂದಳು. ಹಾಗೇ ಸತ್ತಳು.

ನಮ್ಮಲ್ಲಿ ಒಂದೇ ಎದೆಯ ಹಾಲು ಕುಡಿದವರು ಅಣ್ಣತಂಗಿ. ಅಂಥವರ ತಲೆಗೆ ಮದುವೆಯ ಕಿರೀಟ ಇಡುವಂತಿಲ್ಲ. ಇದು ಅಜ್ಜಿಯರ ಕಾನೂನು. ಬಿಷಪ್ಪನ ಕಾನೂನಿಗಿಂತ ಗಟ್ಟಿ.

ಆದ್ದರಿಂದ ಆಗುವುದಿಲ್ಲ. ಹೇಗೂ ಆರ್ಗಿರೊ ಒಪ್ಪುವವಳಲ್ಲ. ನಾನು ಬಾಯಿ ಬಿಡುವ ಪ್ರಸಂಗ ಬಾರದು.

ಮೇ ೬, ಶುಕ್ರವಾರ

ಆರ್ಗಿರೊ ಒಪ್ಪಲಿಲ್ಲವಂತೆ. “ಆ ಮನೆ ಹೊಸಿಲಿಗೆ ನನ್ನ ಮಗಳ ಚಪ್ಪಲೀನೂ ಹೋಗಬಾರದು,” ಅಂದಳಂತೆ. ಒಳ್ಳೆಯದಾಯಿತು.

ಮೇ ೧೪, ಶನಿವಾರ

ಉಳಿದ ಎರಡು ಚೌಕಗಳಲ್ಲಿ ಒಂದು ಹೊರಬಂತು. ಬೆತ್ತಲೆ ಹೆಂಗಸು, ಕೂದಲು ಬಿಚ್ಚಿದೆ, ಎರಡು ಎದೆಗಳಿಗೂ ಒಂದೊಂದು ಹಾವು ಬಾಯಿ ಹಾಕಿದೆ. ಅವಳ ಮುಖದಲ್ಲಿ ನೋವಿಲ್ಲ. ಒಲೆಯ ಮುಂದೆ ಹಾಲು ಉಕ್ಕುವುದನ್ನು ಕಾಯುತ್ತಾ ಕೂತವಳ ಹಾಗೆ ಎತ್ತಲೋ ನೋಡುತ್ತಿದ್ದಾಳೆ.

ಶನಿವಾರವಾದ್ದರಿಂದ ಹೆಂಗಸರು ಚರ್ಚು ಒರೆಸಲು ಬಂದಿದ್ದರು. ಪಕ್ಕದಲ್ಲಿ ಅಕ್ಷರಗಳಿದ್ದವು, ಹಳೆಯ ಬರವಣಿಗೆ, ಅಕ್ಷರದೊಳಗೆ ಅಕ್ಷರ ಕೂರಿಸಿದ್ದು. ಅದನ್ನು ಓದಲು ಊರಲ್ಲಿ ಇವರಿಗೂ ನನಗೂ ಮಾತ್ರ ಬರುತ್ತದೆ. ಅರಿಸ್ತಿದಿಸ್ ಊಟಕ್ಕೆ ಹೋಗಿದ್ದ.

“ಏನಂತ ಬರೆದಿದೆ ಪಾದ್ರಮ್ಮ? ಸೂಳೆ ಅಂತಲಾ?”

ಬರೆದದ್ದು ಹೀಗಿತ್ತು: ಕೂಸುಗಳಿಗೆ ಮುಖ ತಿರುಗಿಸಿದವಳು. ಪರರ ಮಗುವಿಗೆ ಹಾಲು ಕೊಡದವಳು ಎಂದು ಅರ್ಥ.

ನಾನು, “ಚಾಡಿಕೋರಿ,” ಅಂದೆ.

ಬಾಯಿಂದ ಬಂದುಬಿಟ್ಟಿತು. ಎಲ್ಲರೂ ಒಟ್ಟಿಗೇ ಆರ್ಗಿರೊಳ ಕಡೆ ತಿರುಗಿ ನೋಡಿದರು. ಯಾಕೆಂದರೆ ಊರಲ್ಲಿ ಯಾರ ಮನೆಯ ಕೋಳಿ ಯಾರ ಅಂಗಳದಲ್ಲಿ ಮೊಟ್ಟೆ ಇಟ್ಟಿತು ಅನ್ನುವುದು ಮೊದಲು ಗೊತ್ತಾಗುವುದು ಅವಳಿಗೆ. ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಆರ್ಗಿರೊ ಬಕೆಟ್ಟು ಅಲ್ಲೇ ಬಿಟ್ಟು ಹೋದಳು.

ಅವಳ ಬಕೆಟ್ಟನ್ನು ನಾನೇ ತೊಳೆದು ಮಗುಚಿಟ್ಟೆ.

ಮೇ ೧೮, ಬುಧವಾರ

ಆರ್ಗಿರೊ ದಡ್ಡಿಯಲ್ಲ. ನಾಲ್ಕು ದಿನ ಕುದ್ದು, ಇವತ್ತು ಅರಿಸ್ತಿದಿಸ್ ಏಣಿಯ ಮೇಲಿದ್ದಾಗ ಬಂದು, ಎಲ್ಲರ ಮುಂದೆ ಕೇಳಿದಳು.

“ಸ್ವಾಮಿ, ನೀವು ಕಲಿತೋರು. ಈ ಹಾವಿನವಳ ಪಕ್ಕ ಏನು ಬರೆದಿದೆ, ಸ್ವಲ್ಪ ಓದಿ.”

ಅವನು ಓದಿದ. ಪಾಪ, ಅವನಿಗೇನು ಗೊತ್ತು? ಅರ್ಥವನ್ನೂ ಬಿಡಿಸಿ ಹೇಳಿದ. ಈ ದ್ವೀಪದ ಹಳ್ಳಿಗಳಲ್ಲಿ ಈ ಪಾಪಕ್ಕೆ ಬೇರೆ ಕಡೆಯೂ ಚೌಕ ಇದೆ, ಬಡತನದಲ್ಲಿ ಒಬ್ಬರ ಮಗುವನ್ನು ಇನ್ನೊಬ್ಬರು ಸಾಕಲೇಬೇಕಿತ್ತು, ಅದು ಇದು ಎಂದ.

ಚರ್ಚಿನಲ್ಲಿ ಒಬ್ಬರೂ ಕೆಮ್ಮಲಿಲ್ಲ. ಅರಿಸ್ತಿದಿಸ್ ಕೂಡ.

ಆರ್ಗಿರೊ ನನ್ನ ಕಡೆ ತಿರುಗಿದಳು. ಇಪ್ಪತ್ಮೂರು ವರ್ಷದಲ್ಲಿ ಮೊದಲ ಸಲ ಅವಳ ಮುಖ ಎದುರಿಗೆ ಕಂಡಿತು. ಹಣೆಯಲ್ಲಿ ಗೆರೆಗಳಾಗಿವೆ.

“ಓದೋಕೆ ಬರಲಿಲ್ವಾ ಪಾದ್ರಮ್ಮ, ಓದೋಕೆ ಧೈರ್ಯ ಬರಲಿಲ್ವಾ?” ಅಂದಳು.

ಕೀಲಿ ಅರಿಸ್ತಿದಿಸನ ಕೈಗೆ ಕೊಟ್ಟು ಮನೆಗೆ ಬಂದೆ. ಹುಳಿಸೊಪ್ಪು ಸೀದುಹೋಗಿತ್ತು.

ಮೇ ೨೨, ಭಾನುವಾರ

ಪೂಜೆ ಮುಗಿದು ಹೊರಗೆ ಬಂದರೆ ಹೆಂಗಸರು ದಾರಿ ಬಿಟ್ಟರು. ಮೊದಲು ಗೌರವಕ್ಕೆ ಬಿಡುತ್ತಿದ್ದರು. ಮಕ್ಕಳು ಎದೆಯ ಮೇಲೆ ಎರಡು ಕೈಯನ್ನು ಹಾವಿನ ಹಾಗೆ ಆಡಿಸುತ್ತಿದ್ದವು. ಒಂದರ ಕಿವಿ ಹಿಂಡಿದೆ.

ಮನೆಯಲ್ಲಿ ಮಾನುಸೊಸ್ ಕಾಯುತ್ತಿದ್ದ.

“ನಿಜವೇನಮ್ಮ? ಹಸಿದ ಕೂಸನ್ನ ಬಾಗಿಲಿಂದ ಓಡಿಸಿದ್ಯಾ?”

“ಯಾರು ಹೇಳಿದ್ದು?”

“ಊರು ಹೇಳ್ತಿದೆ. ಗೋಡೆ ಹೇಳ್ತಿದೆ. ನೀನು ಹೇಳು.”

ನಾನು ಒಲೆಗೆ ಸೌದೆ ಒಡ್ಡಿದೆ. ಆಗ ಅವನು, “ನೀವಿಬ್ರು ಒಪ್ಪದೆ ಇದ್ರೆ ಅವಳನ್ನ ಎತ್ಕೊಂಡು ಬೆಟ್ಟ ಹತ್ತುತೀನಿ. ಅವಳೂ ತಯಾರಿದ್ದಾಳೆ,” ಅಂದ. ಗರಿಫಾಲ್ಯಾಳಿಗೆ ಇಬ್ಬರು ಸೋದರಮಾವಂದಿರು. ಇಬ್ಬರ ಗೋಡೆಯ ಮೇಲೂ ಬಂದೂಕಿದೆ, ಇಬ್ಬರೂ ಅದಕ್ಕೆ ವಾರವಾರ ಎಣ್ಣೆ ಹಾಕುತ್ತಾರೆ. ಹೆಣ್ಣನ್ನು ಕದ್ದೊಯ್ದವರ ಕಥೆ ನಮ್ಮ ಕಡೆ ಹೇಗೆ ಮುಗಿಯುತ್ತದೆ ಅನ್ನುವುದು ಸ್ಮಶಾನದ ಕಲ್ಲುಗಳ ಮೇಲೆ ಇದೆ.

ಮೇ ೨೩, ಸೋಮವಾರ

ಬರೆಯುವಂಥದ್ದೇನೂ ಇಲ್ಲ.

ಜೂನ್ ೧, ಬುಧವಾರ

ಚರ್ಚು ಗುಡಿಸುತ್ತಿದ್ದಾಗ ಗರಿಫಾಲ್ಯಾ ಬಂದಳು. ಬೆಂಚಿನ ಮೇಲೆ, ಅದೇ ಬೆಂಚಿನ ಮೇಲೆ, ಕಾಲು ಚಾಚಿ ಕೂತಳು. ಇಷ್ಟು ಹತ್ತಿರದಿಂದ ಅವಳನ್ನು ನೋಡಿ ಎಷ್ಟೋ ವರ್ಷವಾಗಿತ್ತು. ಗಟ್ಟಿಮುಟ್ಟು ಹುಡುಗಿ. ಸುಮ್ಮನೆ ಕೂರಲಾರಳು, ಜಡೆಯ ತುದಿಯನ್ನು ಬಾಯಲ್ಲಿಟ್ಟು ಕಚ್ಚುತ್ತಾಳೆ.

“ಅತ್ತೆ ಅನ್ಲಾ, ಪಾದ್ರಮ್ಮ ಅನ್ಲಾ?” ಅಂದಳು.

“ಜಡೆ ಬಾಯಿಂದ ತೆಗೆ, ಆಮೇಲೆ ಏನಾದ್ರೂ ಅನ್ನು.”

ನಕ್ಕಳು. “ಅಮ್ಮ ಒಪ್ತಾಳಂತೆ. ಮಾವಂದಿರನ್ನೂ ಒಪ್ಪಿಸ್ತಾಳಂತೆ. ಆದ್ರೆ ಒಂದೇ ಹಟ. ನೀವು ಭಾನುವಾರ ಈ ಗೋಡೆ ಕೆಳಗೆ ನಿಂತು, ಎಲ್ಲರಿಗೂ ಕೇಳೋ ಹಾಗೆ, ಅವಳ ಹತ್ರ ಕ್ಷಮೆ ಕೇಳಬೇಕಂತೆ. ನನ್ನನ್ನ ಬಾಗಿಲಿಂದ ಕಳಿಸಿದ್ದಕ್ಕೆ.”

“ನಿನಗೇನನ್ನಿಸುತ್ತೆ?”

“ನನಗೇನು ನೆನಪಿರುತ್ತೆ ಅತ್ತೆ? ನಾನು ಆಡಿನ ಹಾಲು ಕುಡಿದು ಚೆನ್ನಾಗೇ ಬೆಳೆದೆ. ನೀವು ಕೇಳದೆ ಇದ್ರೂ ನಾನು ಬರ್ತೀನಿ. ಕೇಳಿದ್ರೆ ಹಗಲು ಹೊತ್ತಲ್ಲಿ ಬರ್ತೀನಿ, ಅಷ್ಟೇ ವ್ಯತ್ಯಾಸ.”

ಹೋಗುವಾಗ ಮತ್ತೆ ಜಡೆ ಬಾಯಲ್ಲಿತ್ತು.

ಜೂನ್ ೩, ಶುಕ್ರವಾರ

ಸಿಟ್ಟು ಬರುತ್ತಿದೆ, ಬರೆಯುತ್ತೇನೆ. ನಾನು ಯಾಕೆ ಕ್ಷಮೆ ಕೇಳಬೇಕು? ಯಾರ ಕೂಸನ್ನು ಯಾರು ಬದುಕಿಸಿದ್ದು? ನನ್ನ ಮಗ ರಾತ್ರಿಯೆಲ್ಲ ಹಸಿದು ಅತ್ತಿದ್ದಾನೆ, ಅವನ ಪಾಲನ್ನು ಅವಳ ಮಗಳು ಕುಡಿದಿದ್ದಕ್ಕೆ. ಒಂದು ವಾಕ್ಯ ಸಾಕು ನನ್ನ ಮುಖ ತೊಳೆಯಲು. ಇಲ್ಲಿ ಬರೆದು ನೋಡುತ್ತೇನೆ: ಆರ್ಗಿರೊ, ನಿನ್ನ ಮಗಳಿಗೆ ಹನ್ನೊಂದು ದಿನ ಹಾಲು ಕೊಟ್ಟಿದ್ದು ನಾನು.

ಬರೆದೆ. ಅರ್ಧ ಸಾಲಿನಲ್ಲಿ ಮುಗಿಯುತ್ತದೆ. ಹೇಳಿದರೆ ನಾನು ಗೋಡೆಯಿಂದ ಇಳಿಯುತ್ತೇನೆ, ಅವರಿಬ್ಬರು ಅಣ್ಣತಂಗಿಯಾಗುತ್ತಾರೆ. ಹೇಳದಿದ್ದರೆ ಅವರು ಕಿರೀಟ ಹಾಕಿಕೊಳ್ಳುತ್ತಾರೆ, ನಾನು ಹಾವಿನ ಜೊತೆ ಇರುತ್ತೇನೆ.

ಆದರೆ ಅದು ಪಾಪವಲ್ಲವೇ? ಗೊತ್ತಿದ್ದೂ ಅಂಥ ಮದುವೆ ಮಾಡಿಸುವುದು?

ಜೂನ್ ೭, ಮಂಗಳವಾರ

ಕತ್ತೆಯ ಮೇಲೆ ಬೆಟ್ಟದ ಮಠಕ್ಕೆ ಹೋಗಿಬಂದೆ. ಮೂರು ಗಂಟೆ ದಾರಿ. ಅಲ್ಲಿಯ ಮುದಿ ಸನ್ಯಾಸಿ ಗೆರಾಸಿಮೊಸರ ಹತ್ತಿರ ಪಾಪನಿವೇದನೆ ಮಾಡಿದೆ. ಅವರಿಗೆ ಒಂದು ಕಿವಿ ಕೇಳುವುದಿಲ್ಲ. ಎರಡು ಸಲ ಕೂಗಿ ಹೇಳಬೇಕಾಯಿತು. ಹತ್ತಿರದಲ್ಲಿ ಜೇನುಗೂಡುಗಳು ಮಾತ್ರ ಇದ್ದವು, ಸದ್ಯ.

“ಹಾಲಿನ ನಂಟು ಚರ್ಚಿನ ಕಾನೂನಿನ ಪುಸ್ತಕದಲ್ಲಿ ಇಲ್ಲಮ್ಮ,” ಅಂದರು.

“ಊರಲ್ಲಿದೆ, ಸ್ವಾಮಿ.”

“ಊರಿಗೆ ಗೊತ್ತಿದೆಯಾ?”

“ಇಲ್ಲ.”

“ಹಾಗಾದ್ರೆ ಇರೋದು ಎಲ್ಲಿ? ನಿನ್ನ ಬಾಯೊಳಗೆ. ಊರಿಗೆ ಗೊತ್ತಾದ್ರೆ ಅದು ತಡೆ. ಗೊತ್ತಾಗದಿದ್ರೆ ಅದು ಬರೀ ದಾನ. ನೀನು ಯಾವುದನ್ನ ಇಟ್ಕೊಳ್ಳೋದಕ್ಕೆ ಇಷ್ಟು ದೂರ ಕತ್ತೆ ಹತ್ತಿ ಬಂದೆ? ಮಗನ್ನೋ, ಮಾನವನ್ನೋ?”

ಇಂಥ ಪ್ರಶ್ನೆ ಕೇಳುವುದಕ್ಕೆ ಸನ್ಯಾಸಿಯೇ ಬೇಕೇ? ನಮ್ಮತ್ತೆಯೂ ಕೇಳುತ್ತಿದ್ದರು. ಸನ್ಯಾಸಿ ಒಂದು ಡಬ್ಬಿ ಜೇನು ಕೊಟ್ಟು ಕಳಿಸಿದರು.

ಇಳಿಯುವಾಗ ಕತ್ತೆ ಎರಡು ಕಡೆ ಹಟ ಹಿಡಿದು ನಿಂತಿತು. ನಿಂತಷ್ಟು ಹೊತ್ತು ಯೋಚಿಸಿದೆ. ಈ ಪುಸ್ತಕದಲ್ಲಿ ಹಿಂದೆ ‘ಬಾಗಿಲು ಮುಚ್ಚಿತು’ ಅಂತ ಬರೆದಿದ್ದೇನೆ. ಬಾಗಿಲು ತಾನಾಗಿ ಮುಚ್ಚುವುದಿಲ್ಲ. ಅತ್ತೆ ಒಳಮನೆಯಲ್ಲಿದ್ದರು, ಹಾಸಿಗೆಯ ಮೇಲೆ. ಚಿಲಕದ ಮೇಲೆ ಇದ್ದದ್ದು ನನ್ನ ಕೈ. ಆರ್ಗಿರೊ ನನ್ನ ಕಣ್ಣನ್ನೇ ನೋಡುತ್ತಿದ್ದಳು. ಮೂರು ದಿನ ಆ ಕೂಸು ಏನು ಕುಡಿಯಿತು ಅಂತ ನಾನು ಯಾವತ್ತೂ ಕೇಳಿಲ್ಲ.

ಜೂನ್ ೧೨, ಭಾನುವಾರ

ಕ್ಷಮೆ ಕೇಳಿದೆ.

ಪೂಜೆ ಮುಗಿದ ಮೇಲೆ ಯಾರೂ ಹೊರಗೆ ಹೋಗಲಿಲ್ಲ. ಎಲ್ಲರಿಗೂ ಸುದ್ದಿ ಇತ್ತು. ನಾನು ಪಡುವಣ ಗೋಡೆಯ ಕೆಳಗೆ ಹೋಗಿ ನಿಂತೆ. ಆರ್ಗಿರೊ ತಲೆಗೆ ಕಪ್ಪು ರೇಷ್ಮೆಯ ವಸ್ತ್ರ ಕಟ್ಟಿಕೊಂಡು, ಅಣ್ಣಂದಿರನ್ನು ಎರಡೂ ಕಡೆ ನಿಲ್ಲಿಸಿಕೊಂಡು ಎದುರಿಗೆ ನಿಂತಿದ್ದಳು. ನಾನು ಅಂದದ್ದು ಇಷ್ಟು:

“ಆರ್ಗಿರೊ, ನಲವತ್ಮೂರರ ಜನವರಿಲಿ ನೀನು ಕೂಸನ್ನ ಎತ್ಕೊಂಡು ನಮ್ಮ ಬಾಗಿಲಿಗೆ ಬಂದೆ. ಬಾಗಿಲು ಹಾಕಿದ್ದು ನಮ್ಮತ್ತೆ ಅಲ್ಲ, ನಾನು. ಕೈ ನಂದೇ. ಹೋದ ತಿಂಗಳು ಗೋಡೆ ಮೇಲಿರೋದನ್ನ ಸುಳ್ಳು ಓದಿ ನಿನ್ನನ್ನ ನಗೆಪಾಟಲು ಮಾಡಿದ್ದೂ ನಾನೇ. ಎರಡಕ್ಕೂ ಕ್ಷಮಿಸು.”

ಇದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ.

ಆರ್ಗಿರೊ ಏನೋ ದೊಡ್ಡ ಭಾಷಣ ತಯಾರು ಮಾಡಿಕೊಂಡು ಬಂದಿದ್ದಳೆಂದು ಕಾಣುತ್ತದೆ. ಒಂದು ಹೆಜ್ಜೆ ಮುಂದೆ ಬಂದಳು.

“ದೇವರು ಕ್ಷಮಿಸ್ಲಿ,” ಅಂದಳು. ಆಮೇಲೆ, “ಅಯ್ಯೋ, ಇಷ್ಟು ಬೇಗ ಒಪ್ಕೊಂಡ್ರೆ ಹೆಂಗೆ ಮಾರಾಯ್ತಿ? ನನ್ನ ಹತ್ರ ಇನ್ನೂ ಎಷ್ಟೊಂದು ಬೈಗುಳ ಬಾಕಿ ಇತ್ತು!” ಅಂದು ಅತ್ತುಬಿಟ್ಟಳು. ಅಳುವಾಗ ನನ್ನ ಹೆಗಲನ್ನೇ ಹಿಡಿದುಕೊಂಡಿದ್ದಳು. ಭಾರದ ಹೆಂಗಸು.

ಮನೆಯಲ್ಲಿ ಇವರು ಅಂಗಿ ಮಡಿಸಿಡುತ್ತಾ ಅಂದರು: “ಆ ಚಳಿಗಾಲ ನೀನು ದಿನಾ ಮಧ್ಯಾಹ್ನ ಚರ್ಚಿಗೆ ಹೋಗ್ತಿದ್ದೆ.”

“ದೀಪಕ್ಕೆ ಎಣ್ಣೆ ಹಾಕೋಕೆ,” ಅಂದೆ.

“ಹ್ಞೂಂ. ಎಣ್ಣೆ ಹಾಕೋಕೆ.” ಅಂಗಿಯ ತೋಳು ಮಡಿಸಿ, “ಆ ವರ್ಷ ಊರಿನ ಎಣ್ಣೇನೆಲ್ಲ ಜರ್ಮನರು ಒಯ್ದಿದ್ರಲ್ಲೇ,” ಅಂದರು.

ನಾನು ಪಾತ್ರೆ ತೊಳೆಯುತ್ತಲೇ ಇದ್ದೆ. ಒಂದೇ ಪಾತ್ರೆಯನ್ನು.

“ಮದುವೆ ಕಿರೀಟದ ಪೆಟ್ಟಿಗೆ ಮೇಲಿದೆ,” ಅಂದರು. “ಇಳಿಸಿ ಒರೆಸಿಡು. ಧೂಳು ಹಿಡಿದಿರುತ್ತೆ.”

ಇವರ ಜೊತೆ ಇಪ್ಪತ್ತಾರು ವರ್ಷ ಸಂಸಾರ ಮಾಡಿದ್ದೇನೆ. ಇವರಿಗೆ ಏನೂ ತಿಳಿಯುವುದಿಲ್ಲ ಅಂದುಕೊಂಡೇ ಮಾಡಿದ್ದೇನೆ.

ಜೂನ್ ೨೯, ಬುಧವಾರ

ನಿಶ್ಚಿತಾರ್ಥವಾಯಿತು. ಅಪೊಸ್ತಲರ ಉಪವಾಸ ಇವತ್ತಿಗೆ ಮುಗಿಯಿತು, ಮೇಕೆ ಕಡಿದರು. ಸೋದರಮಾವಂದಿರು ಬಂದೂಕನ್ನು ಆಕಾಶಕ್ಕೆ ಹೊಡೆದರು. ಅಲ್ಲಿಗೇ ಹೊಡೆದದ್ದು ಒಳ್ಳೆಯದಾಯಿತು.

ಜುಲೈ ೧೧, ಸೋಮವಾರ

ಅರಿಸ್ತಿದಿಸನ ಕೆಲಸ ಮುಗಿಯುತ್ತಾ ಬಂತು. ಕೊನೆಯ ಚೌಕದಲ್ಲಿ ಏನೂ ಇಲ್ಲ, ಗಾರೆ ಉದುರಿಹೋಗಿದೆ. ಯಾರ ಪಾಪವೋ ಗೊತ್ತಾಗಲಿಲ್ಲ, ಊರಿಗೆಲ್ಲ ನಿರಾಸೆ. ಹಾವಿನವಳ ಕಾಲಿನ ಹತ್ತಿರ ಗಾರೆ ಸಡಿಲವಾಗಿತ್ತು, ಅದನ್ನು ಅಂಟಿಸುತ್ತಿದ್ದ.

“ಪಾದ್ರಮ್ಮ, ನಾನು ಅವತ್ತು ಓದಬಾರದಿತ್ತು,” ಅಂದ. ಅವನಿಗೂ ಯಾರೋ ಹೇಳಿದ್ದಾರೆ. “ನಿಮಗೆ ಬೇಜಾರಾದರೆ ಈ ಅಕ್ಷರಗಳ ಮೇಲೆ ತೆಳ್ಳಗೆ ಏನಾದರೂ ಹಚ್ಚಬಹುದು. ಯಾರಿಗೂ ಗೊತ್ತಾಗೋದಿಲ್ಲ.”

“ಬೇಡಪ್ಪ,” ಅಂದೆ. “ಆರುನೂರು ವರ್ಷ ಮಸಿಯೊಳಗೆ ಕೂತಿದ್ದಾಳೆ. ಸ್ವಲ್ಪ ಗಾಳಿ ಕುಡಿಲಿ.”

ಅವಳನ್ನು ಬರೆದವನಿಗೆ ಅವಳ ಕಥೆ ಎಷ್ಟು ಗೊತ್ತಿತ್ತೋ ಏನೋ. ಗುಡಿಸುವಾಗ ಈಗ ಅವಳಿಗೂ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಏನಿಲ್ಲ, ಸೆಕೆ ಜಾಸ್ತಿಯಾಯಿತು, ಅಂಥದ್ದು.

ಜುಲೈ ೧೮, ಸೋಮವಾರ

ನಿನ್ನೆ ಹಬ್ಬವೂ ಭಾನುವಾರವೂ ಒಟ್ಟಿಗೇ ಬಂದಿತ್ತು, ಮದುವೆಯೂ ಆಯಿತು. ಇವರೇ ಕಿರೀಟ ಇಟ್ಟರು. ಇಬ್ಬರ ತಲೆಯ ಮೇಲೆ ಕಿರೀಟ ಅದಲುಬದಲು ಮಾಡುವಾಗ ಇವರ ಕೈ ಒಂದು ಸಲವೂ ನಡುಗಲಿಲ್ಲ. ನಾನು ನಿಂತದ್ದು ಪಡುವಣ ಗೋಡೆಗೆ ಬೆನ್ನು ಕೊಟ್ಟು. ಅಲ್ಲಿ ತಂಪಾಗಿರುತ್ತದೆ.

ಊಟದಲ್ಲಿ ಆರ್ಗಿರೊಗೆ ದ್ರಾಕ್ಷಿ ಸಾರಾಯಿ ಸ್ವಲ್ಪ ಹೆಚ್ಚಾಯಿತು. ಲೋಟ ಎತ್ತಿ ನಿಂತಳು.

“ಎಲ್ಲರ ಹೆಸರಲ್ಲೂ ಕುಡಿದಾಯ್ತು. ಈಗ ನನ್ನ ಮಗಳನ್ನ ಬದುಕಿಸಿದ ಆ ಆಡಿನ ಹೆಸರಲ್ಲಿ! ಎಲ್ಲಿದ್ರೂ ಚೆನ್ನಾಗಿರ್ಲಿ. ಇವತ್ತು ಅದು ಬದುಕಿದ್ದಿದ್ರೆ ಕೊಂಬಿಗೆ ಹೂವು ಸುತ್ತಿ ಇಲ್ಲಿ ನನ್ನ ಪಕ್ಕ ಕೂರಿಸ್ಕೋತಿದ್ದೆ!”

ಅವಳ ಪಕ್ಕ ಕೂತಿದ್ದವಳು ನಾನು. ಎಲ್ಲರೂ ಕುಡಿದರು, ನಾನೂ ಕುಡಿದೆ. ಮೇಜಿನ ಆ ತುದಿಯಿಂದ ಇವರು ನನ್ನ ಕಡೆ ನೋಡಿ ಲೋಟವನ್ನು ಒಂದಿಷ್ಟು ಮೇಲೆತ್ತಿದರು.

ಸಂಜೆ ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ಶಾಸ್ತ್ರ. ಹೊಸಿಲಲ್ಲಿ ನಿಂತು ಅತ್ತೆಯಾದವಳು ಸೊಸೆಯ ಬಾಯಿಗೆ ಜೇನೂ ಅಕ್ರೋಟೂ ಇಡಬೇಕು. ಆ ಬಾಗಿಲು ಹಳೆಯದು, ಚಿಲಕವೂ ಅದೇ. ಎರಡು ಬಾಗಿಲನ್ನೂ ಹಾರುಹೊಡೆದು, ಬೀಸಿದ ಗಾಳಿಗೂ ಮುಚ್ಚದ ಹಾಗೆ ಕಲ್ಲು ಒತ್ತಿಟ್ಟಿದ್ದೆ. ಸನ್ಯಾಸಿ ಕೊಟ್ಟ ಜೇನನ್ನು ಬಟ್ಟಲಿಗೆ ಸುರಿದುಕೊಂಡೆ. ಚಮಚ ಎಲ್ಲಿಟ್ಟೆನೋ ಸಿಗಲಿಲ್ಲ, ಬೆರಳಲ್ಲೇ ಅದ್ದಿ ಇಟ್ಟೆ.

“ಆ ಅನ್ನು,” ಅಂದೆ.

ಗರಿಫಾಲ್ಯಾ ಬಾಯಿ ತೆರೆದಳು, ಜೇನಿನ ಜೊತೆ ನನ್ನ ಬೆರಳನ್ನೂ ಕಚ್ಚಿದಳು. ಎಲ್ಲರೂ ನಕ್ಕರು. “ಅಯ್ಯೋ ಅತ್ತೆ, ನೋವಾಯ್ತಾ?” ಅಂದಳು.

ಇಲ್ಲ ಅಂದೆ. ಇವಳು ಆಗಲೂ ಕಚ್ಚುತ್ತಿದ್ದಳು. ಆಗ ಹಲ್ಲಿರಲಿಲ್ಲ.